ಸೈಲೆನ್ಸರ್‌ಗೆ ಯಾವ ಬೋಲ್ಟು ಹಾಕೋದು?

ಕಾರಿನ ಸೈಲೆನ್ಸರ್ ಹೋಯಿತು ಅಂದರೆ ಎಲ್ಲರೂ ಕೇಳುವುದು ಹೊಸದಕ್ಕೆ ಎಷ್ಟಾಯಿತು ಅಂತ. ಬೋಲ್ಟಿನ ವಿಷಯ ಯಾರೂ ಎತ್ತುವುದಿಲ್ಲ. ಆದರೆ ನಮ್ಮ ಕಾರಿನಲ್ಲಿ ಹೊಸ ಪೈಪು, ಸೈಲೆನ್ಸರ್ ಕೂರಿಸುವ ಕೆಲಸ ಊಟದ ನಂತರ ಶುರುವಾಗಿ ಕಾಫಿ ಹೊತ್ತಿಗೆ ಮುಗಿಯಿತು. ಹಳೇ ಬೋಲ್ಟು ಬಿಚ್ಚುವುದಕ್ಕೇ ಬೆಳಗ್ಗೆಯೆಲ್ಲ ಹೋಗಿತ್ತು. ಹಾಗಾಗಿ ಇಲ್ಲಿ ಬರೆಯುವುದು ಹೆಚ್ಚಾಗಿ ಬೋಲ್ಟಿನ ಬಗ್ಗೆಯೇ.

ನಾವಿರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ, ಒಳಗೆ. ಕಾರು ಹಳೇ ಪೆಟ್ರೋಲ್ ಕಾರು. ಪೇಟೆಗೆ ಹೋಗಿ ಬರುವುದಕ್ಕೆ, ಮಕ್ಕಳನ್ನು ಬಸ್ಸಿಗೆ ಬಿಡುವುದಕ್ಕೆ, ತೋಟದ ಸಾಮಾನು ಹೇರುವುದಕ್ಕೆ ಎಲ್ಲದಕ್ಕೂ ಅದೇ. ಕಳೆದ ಬೇಸಿಗೆಯಲ್ಲಿ ಮೊದಲು ಸಣ್ಣಗೆ ಪುಸ್ ಪುಸ್ ಅಂತಿತ್ತು, ಆಮೇಲೆ ಬೆಟ್ಟ ಹತ್ತಿಸುವಾಗ ಟ್ರ್ಯಾಕ್ಟರ್ ಥರ ಶಬ್ದ ಮಾಡತೊಡಗಿತು. ಅಡಿಗೆ ಬಗ್ಗಿ ನೋಡಿದರೆ ಮಧ್ಯದ ಫ್ಲಾಂಜ್ (ಎರಡು ಪೈಪಿನ ತುದಿಗಳನ್ನು ಬೋಲ್ಟು ಹಾಕಿ ಸೇರಿಸುವ ಪಟ್ಟಿ) ಹತ್ತಿರ ಕಪ್ಪು ಮಸಿ. ಸೈಲೆನ್ಸರ್ ಹೊಟ್ಟೆಯಲ್ಲಿ ಬೆರಳು ತೂರುವಷ್ಟು ತೂತು.

ನಮ್ಮ ಮೆಕ್ಯಾನಿಕ್ ತೀರ್ಥಹಳ್ಳಿಯವನು, ಚೆನ್ನಾಗಿ ಪಳಗಿದವನು. ಕಾರಿನಡಿ ಮಲಗಿ 12ನೇ ನಂಬರ್ ಸ್ಪ್ಯಾನರ್ ಇಟ್ಟು ನೋಡಿದ, ಕೂರಲಿಲ್ಲ. 11 ಇಟ್ಟ, ಜಾರಿತು. ಆರು ಮೂಲೆಯ ತಲೆ ಅಲ್ಲಿ ಇರಲೇ ಇಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ತುಕ್ಕು ಈರುಳ್ಳಿ ಸಿಪ್ಪೆ ಹಾಗೆ ಪದರ ಪದರವಾಗಿ ಉದುರಿತು. ಅದರ ಒಳಗೆ ಉಳಿದದ್ದು ಕಡಲೆಕಾಯಿ ಗಾತ್ರದ ಒಂದು ಉಂಡೆ. ನಟ್ ಯಾವುದು, ಬೋಲ್ಟ್ ಯಾವುದು, ವಾಶರ್ ಯಾವುದು ಹೇಳುವ ಹಾಗಿಲ್ಲ, ಎಲ್ಲ ಒಂದೇ ಆಗಿಬಿಟ್ಟಿತ್ತು. ಗ್ರೈಂಡರ್ ಹಿಡಿದು ಕತ್ತರಿಸಿದ. ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿನಿಂದ ಹೊಗೆ ಹೊರಗೆ ಬರುವ ಮೊದಲ ಭಾಗ, ಅದರ ಹತ್ತಿರದ ಸ್ಟಡ್‌ಗಳನ್ನು (ತಲೆ ಇಲ್ಲದ, ಒಂದು ತುದಿ ಒಳಗೇ ಕೂತಿರುವ ಬೋಲ್ಟು) ಮಾತ್ರ ಹಾಗೆ ಕತ್ತರಿಸಲು ಆಗುವುದಿಲ್ಲ. ಅಲ್ಲಿ ಗ್ಯಾಸ್‌ನಲ್ಲಿ ನಟ್ಟನ್ನು ಕೆಂಪಗೆ ಕಾಯಿಸಿ ತಿರುಗಿಸಬೇಕು. ಒಂದು ಸ್ಟಡ್ ಅಷ್ಟು ಮಾಡಿದರೂ ಮುರಿಯಿತು. ಉಳಿದ ಮೋಟಿನ ಮೇಲೆ ಒಂದು ನಟ್ ಇಟ್ಟು, ಅದರ ತೂತಿನೊಳಗಿಂದ ವೆಲ್ಡಿಂಗ್ ಮಾಡಿ, ಆ ಬಿಸಿಯಲ್ಲೇ ಮೆಲ್ಲಗೆ ಹಿಂದೆ ಮುಂದೆ ಆಡಿಸಿ ಹೊರಗೆ ತೆಗೆದ. ಆ ಕೆಲಸ ನೋಡಲು ಚಂದ, ದುಡ್ಡು ಕೊಡುವಾಗ ಅಷ್ಟು ಚಂದ ಅಲ್ಲ.

ಇಷ್ಟು ತುಕ್ಕು ಯಾಕೆ ಹಿಡಿಯುತ್ತದೆ ಅಂತ ಕೇಳಿದರೆ ಎಲ್ಲರೂ ಮಳೆ ಅನ್ನುತ್ತಾರೆ. ಮಳೆ ಸರಿಯೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗಿಂತ ಜಾಸ್ತಿ ಬೀಳುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಆದರೆ ಮಳೆಯೊಂದೇ ಅಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಪೈಪಿನಲ್ಲಿ ಹೋಗುತ್ತದೆ. ಲಾಂಗ್ ಹೋದರೆ ಪೈಪು ಕಾದು ಆವಿ ಹೊರಗೆ ಹೋಗುತ್ತದೆ. ನಮ್ಮ ಥರ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವವರ ಸೈಲೆನ್ಸರ್ ಹೊಟ್ಟೆಯಲ್ಲಿ ಆ ನೀರು ತಣ್ಣಗಾಗಿ ಅಲ್ಲೇ ನಿಲ್ಲುತ್ತದೆ, ಅದಕ್ಕೆ ಸೈಲೆನ್ಸರ್ ಒಳಗಿನಿಂದಲೇ ತೂತು ಬೀಳುತ್ತದೆ. ಬೋಲ್ಟಿಗೆ ಹೊರಗಿನ ಕಾಟ. ಫ್ಲಾಂಜ್ ಸಂದಿಯಲ್ಲಿ ಮೆತ್ತಿಕೊಂಡ ಕೆಂಪು ಕೆಸರು ಸೆಪ್ಟೆಂಬರ್ ಕಳೆದರೂ ಒಣಗಿರುವುದಿಲ್ಲ.

ಇನ್ನೊಂದು ಇದೆ, ಇದನ್ನು ತೋಟ ಇದ್ದವರು ಗಮನಿಸಬೇಕು. ಡಿಕ್ಕಿಯಲ್ಲಿ ಪೊಟ್ಯಾಷ್ ಚೀಲ ತರುತ್ತೇವಲ್ಲ, ಅದು ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ಅಣ್ಣನೋ ತಮ್ಮನೋ ಅಷ್ಟೇ. ಚೀಲ ಸ್ವಲ್ಪ ಸೋರಿದರೆ ಸಾಕು, ಕಡಲ ತೀರದಲ್ಲಿ ಕಾರು ಇಟ್ಟುಕೊಂಡ ಹಾಗೆ. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಕಾಲದಲ್ಲಿ ಬೋರ್ಡೋ ದ್ರಾವಣದ ಕ್ಯಾನು, ಮೈಲುತುತ್ತದ (ಕಾಪರ್ ಸಲ್ಫೇಟ್) ಪೊಟ್ಟಣ ಎಲ್ಲ ಕಾರಿನಲ್ಲೇ. ಮೈಲುತುತ್ತದ ನೀರು ಕಬ್ಬಿಣಕ್ಕೆ ತಾಗಿದರೆ ಏನಾಗುತ್ತದೆ ಅಂತ ಹೈಸ್ಕೂಲಿನಲ್ಲೇ ನೋಡಿದ್ದೇವೆ, ಮೊಳೆಯ ಮೇಲೆ ತಾಮ್ರ ಕೂರುತ್ತದೆ, ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ.

ಸರಿ, ಹೊಸ ಬೋಲ್ಟು ಯಾವುದು? ನಾನು ಎಸ್‌ಎಸ್, ಅಂದರೆ ಸ್ಟೇನ್‌ಲೆಸ್ ಸ್ಟೀಲ್, ಹಾಕೋಣ ಅಂದೆ. ಮೆಕ್ಯಾನಿಕ್ ಒಪ್ಪಲಿಲ್ಲ.

“ಎಸ್‌ಎಸ್ ಹಾಕಿದ್ರೆ ತುಕ್ಕು ಹಿಡಿಯಲ್ಲ ಮಾರಾಯ್ರೆ, ಆದ್ರೆ ಜಾಮ್ ಆಗ್ತದೆ. ಮುಂದಿನ ಸಲ ನಾನು ಬಂದು ಉಪಯೋಗ ಇಲ್ಲ, ವೆಲ್ಡಿಂಗ್‌ನವನೇ ಬರ್ಬೇಕು.”

ಅವನ ಮಾತಿನಲ್ಲಿ ಹುರುಳಿತ್ತು. ಎಸ್‌ಎಸ್ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆ ಇರುತ್ತದೆ, ಕ್ರೋಮಿಯಂ ಆಕ್ಸೈಡಿನದು, ತುಕ್ಕು ತಡೆಯುವುದು ಅದೇ. ಎಸ್‌ಎಸ್ ಬೋಲ್ಟಿಗೆ ಎಸ್‌ಎಸ್ ನಟ್ ಹಾಕಿ ಒಣಗಿದ್ದ ಹಾಗೇ ನಟ್ ಬಿಗಿಯುವ ಗನ್ ಹಿಡಿದು ಜೋರಾಗಿ ಬಿಗಿದರೆ ಥ್ರೆಡ್ ಥ್ರೆಡ್ ಉಜ್ಜಿ ಆ ಪೊರೆ ಕಿತ್ತು ಹೋಗುತ್ತದೆ, ಬರೀ ಲೋಹಕ್ಕೆ ಬರೀ ಲೋಹ ತಾಗಿ ಬೆಸೆದುಕೊಳ್ಳುತ್ತದೆ. ಅರ್ಧ ದಾರಿಯಲ್ಲಿ ಹಿಡಿದರೆ ಮುಂದೂ ಇಲ್ಲ, ಹಿಂದೂ ಇಲ್ಲ. ಅಲ್ಲಿಗೆ ನನಗೆ ಸ್ಪಷ್ಟವಾದದ್ದು ಇಷ್ಟು: ತುಕ್ಕು ಹಿಡಿಯದಿರುವುದು ಅರ್ಧ ಕೆಲಸ ಮಾತ್ರ. ನಾಲ್ಕೈದು ಮಳೆಗಾಲ ಕಳೆದ ಮೇಲೂ ಸ್ಪ್ಯಾನರ್ ಹಾಕಿದರೆ ಬಿಚ್ಚಿಕೊಳ್ಳಬೇಕು. ಆ ಲೆಕ್ಕದಲ್ಲಿ ನೋಡಿದರೆ ಎಲ್ಲ ಜಾಗಕ್ಕೂ ಒಂದೇ ಬೋಲ್ಟು ಆಗುವುದಿಲ್ಲ.

ನಮ್ಮ ಚಿಕ್ಕಪ್ಪ ಒಬ್ಬರು ಭದ್ರಾವತಿ ಕಾರ್ಖಾನೆಯಲ್ಲಿದ್ದು ರಿಟೈರ್ ಆದವರು. 1923ರಲ್ಲಿ ಶುರುವಾದ ಆ ಕಬ್ಬಿಣದ ಕಾರ್ಖಾನೆ ಈಗ ಮೊದಲಿನ ಹಾಗಿಲ್ಲ, ಆದರೆ ಅಲ್ಲಿ ಕೆಲಸ ಮಾಡಿದವರ ಹತ್ತಿರ ಉಕ್ಕಿನ ವಿಷಯ ಕೇಳಿದರೆ ಮಾತು ಬೇಗ ಮುಗಿಯುವುದಿಲ್ಲ. ಫೋನ್ ಮಾಡಿದೆ.

“ಮ್ಯಾನಿಫೋಲ್ಡಿಗೆ ಎಸ್‌ಎಸ್ ಸ್ಟಡ್ ಹಾಕ್ಬೇಡ ಮಗಾ” ಅಂದರು ಮೊದಲೇ. ಕಾರಣ ಬಿಸಿಗೆ ಹಿಗ್ಗುವುದು. ಸಾಧಾರಣ ಉಕ್ಕು ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 12 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಹಿಗ್ಗಿದರೆ 304 ಅನ್ನುವ ಜಾತಿಯ ಎಸ್‌ಎಸ್ ಸುಮಾರು 17 ಹಿಗ್ಗುತ್ತದೆ. ಕೇಳುವುದಕ್ಕೆ ಏನೂ ಅಲ್ಲ ಅನಿಸುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡಿ. 20 ಮಿ.ಮೀ. ದಪ್ಪದ ಜಾಯಿಂಟು 500 ಡಿಗ್ರಿ ಕಾಯ್ದರೆ ಎಸ್‌ಎಸ್ ಸ್ಟಡ್ 0.05 ಮಿ.ಮೀ. ಜಾಸ್ತಿ ಉದ್ದ ಆಗುತ್ತದೆ. ನಟ್ ಬಿಗಿ ಮಾಡುವಾಗ ಅಷ್ಟು ಉದ್ದದ ಬೋಲ್ಟು ರಬ್ಬರಿನ ಹಾಗೆ ಎಳೆದುಕೊಂಡು ಹಿಡಿತ ಕೊಡುತ್ತದಲ್ಲ, ಆ ಎಳೆತವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಎಂಜಿನ್ ಕಾದಾಗ ಹಿಡಿತವೇ ಇಲ್ಲ. ಸಂದಿಯಲ್ಲಿಟ್ಟ ಪ್ಯಾಕಿಂಗ್ ಸುಡುತ್ತದೆ, ಗ್ಯಾಸ್ ಲೀಕ್ ಆಗುತ್ತದೆ. ಬೀಡು ಕಬ್ಬಿಣದ ಮ್ಯಾನಿಫೋಲ್ಡ್ ಆದರೆ ವ್ಯತ್ಯಾಸ ಇನ್ನೂ ಜಾಸ್ತಿ. ಸಾಲದ್ದಕ್ಕೆ 304ನ್ನು 450 ಡಿಗ್ರಿ ಮೇಲೆ ತುಂಬಾ ಹೊತ್ತು ಇಟ್ಟರೆ ಅದರ ಕ್ರೋಮಿಯಂ ಇಂಗಾಲದ ಜೊತೆ ಸೇರಿಕೊಂಡು ಕಣಕಣಗಳ ಅಂಚಿನಲ್ಲಿ ಕೂರುತ್ತದೆ, ಆಮೇಲೆ ಅಲ್ಲೇ ತುಕ್ಕು ತಿನ್ನಲು ಶುರು. ಮ್ಯಾನಿಫೋಲ್ಡ್ ಅಷ್ಟು ಬಿಸಿ ಸುಲಭವಾಗಿ ಮುಟ್ಟುತ್ತದೆ.

ಹಾಗಾದರೆ ಅಲ್ಲಿ ಏನು? ಕಂಪನಿ ಕೊಟ್ಟಿದ್ದ ಥರದ್ದೇ ಉಕ್ಕಿನ ಸ್ಟಡ್, ಅದಕ್ಕೆ ಹಿತ್ತಾಳೆ ನಟ್ ಇಲ್ಲವೇ ತಾಮ್ರದ ಲೇಪನ ಇರುವ ನಟ್. ಹಿತ್ತಾಳೆ ಉಕ್ಕಿಗೆ ಕಚ್ಚಿಕೊಳ್ಳುವುದಿಲ್ಲ. ಹೆಚ್ಚು ಬಲ ಬಿದ್ದರೆ ಮೆತ್ತಗಿನ ನಟ್ಟಿನ ಥ್ರೆಡ್ ಹೋಗುತ್ತದೆ, ಸ್ಟಡ್ ಮುರಿಯುವುದಿಲ್ಲ. ನಟ್ ಹೋದರೆ ಚಿಲ್ಲರೆ ದುಡ್ಡು, ಸ್ಟಡ್ ಮುರಿದರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ. ಹಳೇ ಜೀಪು, ಲಾರಿ ನೋಡಿದವರಿಗೆ ಈ ಹಿತ್ತಾಳೆ ನಟ್ ಹೊಸದಲ್ಲ.

ಸಾಮಾನು ತರಲು ಶಿವಮೊಗ್ಗಕ್ಕೆ ಹೋದೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಹಿತ್ತಾಳೆ ನಟ್, ಪ್ಯಾಕಿಂಗ್, ಸೈಲೆನ್ಸರ್ ರಬ್ಬರ್ ಎಲ್ಲ ಸಿಕ್ಕಿತು. ಬಿಸಿ ಕಡಿಮೆ ಇರುವ ಮಧ್ಯದ ಫ್ಲಾಂಜಿಗೆ ಮಾತ್ರ ಎಸ್‌ಎಸ್ ಹಾಕುವುದು ಅಂತ ಇಟ್ಟುಕೊಂಡಿದ್ದೆ. ಎಸ್‌ಎಸ್ ಬೋಲ್ಟಿಗೆ ನಟ್ಟು ಬೋಲ್ಟಿನ ಅಂಗಡಿಯೇ ಬೇಕು, ಕಿಲೋ ಲೆಕ್ಕದಲ್ಲಿ ಮಾರುವಂಥದ್ದು. ಅಲ್ಲಿ ನಿಂತು ಕಲಿತದ್ದು ಜಾಸ್ತಿ.

ಮೊದಲನೆಯದು ಥ್ರೆಡ್. ಮಧ್ಯದ ಫ್ಲಾಂಜಿನದು 8 ಮಿ.ಮೀ. ಬೋಲ್ಟು, 1.25 ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ 1.25 ಮಿ.ಮೀ. ಅದು ಎಲ್ಲ ಕಡೆ ಸಿಗುತ್ತದೆ. 10 ಮಿ.ಮೀ.ನಲ್ಲಿ ತಕರಾರು. ಅಂಗಡಿಯಲ್ಲಿ ಸಾಮಾನ್ಯವಾಗಿ ಇಡುವುದು 1.5 ಪಿಚ್. ಜಪಾನಿ ಮೂಲದ ಕಾರುಗಳಲ್ಲಿ ಬಹಳ ಕಡೆ 1.25 ಪಿಚ್ ಇರುತ್ತದೆ. ಎರಡೂ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಒಂದೇ ಥರ. ಕೈಯಲ್ಲಿ ತಿರುಗಿಸಿದರೆ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಹಿಡಿಯುತ್ತದೆ. ಆಗ ‘ತುಕ್ಕಿರಬೇಕು’ ಅಂತ ಸ್ಪ್ಯಾನರ್ ಹಾಕಿ ಒತ್ತಿದರೆ ಒಳಗಿನ ಥ್ರೆಡ್ ಕಥೆ ಮುಗಿಯಿತು. ನಾನು ಹಳೇ ನಟ್ಟುಗಳಲ್ಲಿ ಚೆನ್ನಾಗಿದ್ದವನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿದ್ದೆ. ಕೌಂಟರ್ ಮೇಲೆ ಒಂದೊಂದೇ ಬೋಲ್ಟಿಗೆ ಕೊನೆಯ ತನಕ ತಿರುಗಿಸಿ ನೋಡಿಯೇ ತಗೊಂಡೆ.

ಎರಡನೆಯದು ತಲೆ. ಅದೇ 8 ಮಿ.ಮೀ. ಬೋಲ್ಟಿಗೆ ಕಾರಿನಲ್ಲಿ 12ನೇ ನಂಬರ್ ಸ್ಪ್ಯಾನರ್, ಅಂಗಡಿಯ ಎಸ್‌ಎಸ್ ಬೋಲ್ಟಿಗೆ 13. 10 ಮಿ.ಮೀ.ಗೆ ಕಾರಿನಲ್ಲಿ 14, ಅಂಗಡಿಯದ್ದಕ್ಕೆ 17. ಬಯಲಲ್ಲಿ ಇದ್ದರೆ ಇದೇನೂ ದೊಡ್ಡದಲ್ಲ, ಆದರೆ ಪೈಪಿಗೂ ಬೋಲ್ಟಿಗೂ ನಡುವೆ ಬೆರಳು ಹೋಗುವಷ್ಟೂ ಜಾಗ ಇಲ್ಲದ ಕಡೆ ದೊಡ್ಡ ತಲೆ ಕೂರುವುದಿಲ್ಲ, ಕೂತರೂ ಸಾಕೆಟ್ ಹೋಗುವುದಿಲ್ಲ. ಫ್ಲಾಂಜಿನ ಅಳತೆ ತೆಗೆದುಕೊಂಡು ಹೋಗುವುದು ಒಳ್ಳೆಯದು.

ಮೂರನೆಯದು ಎಸ್‌ಎಸ್ ಅಂತ ಕೊಡುವುದೆಲ್ಲ ಒಂದೇ ಅಲ್ಲ. ಅಂಗಡಿಯವನು ಮೊದಲು ಹೊಳೆಯುವ ಬೋಲ್ಟಿನ ಡಬ್ಬ ಮುಂದಿಟ್ಟ. ತಲೆ ಮೇಲೆ ಏನೂ ಬರೆದಿಲ್ಲ.

“ಇದು 304ಆ?”

“ಎಸ್‌ಎಸ್ ಸಾರ್, ಮ್ಯಾಗ್ನೆಟ್ ಹಿಡಿಯಲ್ಲ ನೋಡಿ.”

ಮ್ಯಾಗ್ನೆಟ್ ಹಿಡಿಯುವುದಿಲ್ಲ ನಿಜ. ಆದರೆ 202 ಅನ್ನುವ ಅಗ್ಗದ ಎಸ್‌ಎಸ್ ಕೂಡ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಅದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ. ಮನೆಯೊಳಗಿನ ರೇಲಿಂಗಿಗೆ ಸಾಕು, ಪೊಟ್ಯಾಷ್ ನೀರಿಗೆ, ಬಿಸಿಗೆ ಸಾಲದು. ಇತ್ತ 304 ಬೋಲ್ಟಿನ ತಲೆಯನ್ನು ತಣ್ಣಗಿದ್ದಾಗಲೇ ಒತ್ತಿ ಮಾಡುವುದರಿಂದ ಅದು ಕೆಲವು ಸಲ ಮ್ಯಾಗ್ನೆಟ್ಟಿಗೆ ಸ್ವಲ್ಪ ಅಂಟುತ್ತದೆ, ಅದನ್ನು ನೋಡಿ ನಕಲಿ ಅನ್ನುವುದೂ ತಪ್ಪು. ಹೀಗಾಗಿ ಮ್ಯಾಗ್ನೆಟ್ ಪರೀಕ್ಷೆಯನ್ನು ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ. ತಲೆ ಮೇಲೆ ‘ಎ2-70’ ಅಂತ ಒತ್ತಿರುವ ಬೋಲ್ಟು ಕೇಳಿದೆ. ಎ2 ಅಂದರೆ 304 ಜಾತಿ, ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್. 70 ಅಂದರೆ 700 ಮೆಗಾಪಾಸ್ಕಲ್ ಬಲ. ಒಳಗಿನಿಂದ ಬೇರೆ ಡಬ್ಬ ಬಂತು. ರೇಟು ಕೇಳಿ ಒಂದು ಸಲ ಯೋಚನೆ ಮಾಡಿದೆ, ಆದರೆ ಬೇಕಾಗಿದ್ದದ್ದು ಒಂದು ಹಿಡಿ ಮಾತ್ರ.

ಎ4, ಅಂದರೆ 316, ಇನ್ನೂ ಮೇಲಿನದು. ಅದರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಇರುತ್ತದೆ, ಉಪ್ಪಿನಿಂದ ಬೀಳುವ ಸೂಜಿ ತೂತುಗಳನ್ನು ತಡೆಯುವುದು ಅದು. ಕುಂದಾಪುರ, ಮಲ್ಪೆ ಕಡೆ ಮನೆ ಇರುವವರು, ಮೀನಿನ ಗಾಡಿ ಓಡಿಸುವವರು ಅದನ್ನೇ ಹಾಕಲಿ. ಘಟ್ಟದ ಮೇಲಿನ ನಮಗೆ 304 ಸಾಕು ಅಂತ ನನ್ನ ಅಭಿಪ್ರಾಯ, ಪೊಟ್ಯಾಷ್ ಚೀಲದ ಅಡಿಗೆ ಒಂದು ಟಾರ್ಪಾಲ್ ಹಾಸಿದರೆ ಆಯಿತು.

ಅಂಗಡಿಯವನು ಬೋಲ್ಟಿನ ಜೊತೆಗೆ ನೈಲಾಕ್ ನಟ್ ಎಣಿಸಿಟ್ಟಿದ್ದ, ಅಲ್ಲಾಡಿದರೂ ಸಡಿಲ ಆಗಲ್ಲ ಅಂತ. ಬೇಡ ಅಂದೆ. ಒಳಗಿನ ನೈಲಾನ್ ಬಳೆ ಸುಮಾರು 120 ಡಿಗ್ರಿ ತನಕ ಮಾತ್ರ ತಾಳುತ್ತದೆ. ಸೈಲೆನ್ಸರ್ ಪೈಪಿನ ಮೇಲೆ ಅದು ಮೊದಲ ದಿನವೇ ಕರಗುತ್ತದೆ. ಇಂಥ ಕಡೆಗೆ ಪೂರ್ತಿ ಲೋಹದ ಲಾಕ್ ನಟ್ ಬರುತ್ತದೆ, ತುದಿಯನ್ನು ಸ್ವಲ್ಪ ಅಮುಕಿರುತ್ತಾರೆ. ಎಸ್‌ಎಸ್‌ನಲ್ಲಿ ಅದು ಸಿಗಲಿಲ್ಲ, ಸಾದಾ ನಟ್ಟೇ ತಂದೆ.

ಇನ್ನು ಮೆಕ್ಯಾನಿಕ್‌ಗಳು ಸಾಮಾನ್ಯವಾಗಿ ಹಾಕುವ ಹಳದಿ, ಬಿಳಿ ಝಿಂಕ್ ಲೇಪನದ ಬೋಲ್ಟು. ಅದನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಹಿಂದಿನ ಕ್ಲಾಂಪು, ಸೈಲೆನ್ಸರ್ ನೇತು ಹಾಕುವ ಬ್ರಾಕೆಟ್ ಇಂಥ ಕಡೆ ಬಿಸಿ ಕಡಿಮೆ, ಅಲ್ಲಿ ಕೆಲವು ವರ್ಷ ಬಾಳುತ್ತದೆ. ಮುಂದಿನ ಪೈಪಿನಲ್ಲಿ ಬಾಳುವುದಿಲ್ಲ. ಝಿಂಕ್ 419 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಬಹಳ ಮೊದಲೇ ಲೇಪನದ ಸತ್ವ ಹೋಗಿರುತ್ತದೆ, ಆಮೇಲೆ ಅದು ಬರೀ ಕಬ್ಬಿಣ. ತಲೆ ಮೇಲೆ 8.8 ಅಂತಿದ್ದರೆ ಬಲ ಎಷ್ಟು ಅಂತ ಗೊತ್ತಾಗುತ್ತದೆ ಅಷ್ಟೇ, ತುಕ್ಕಿಗೂ ಆ ನಂಬರಿಗೂ ಸಂಬಂಧ ಇಲ್ಲ.

ಚಿಕ್ಕಪ್ಪನ ಹತ್ತಿರ ಇನ್ನೊಂದು ಅನುಮಾನ ಕೇಳಿದ್ದೆ. ಎಸ್‌ಎಸ್ ಬೋಲ್ಟನ್ನು ಕಬ್ಬಿಣದ ಫ್ಲಾಂಜಿಗೆ ಹಾಕಿದರೆ ಎರಡು ಲೋಹ ಸೇರಿ ನೀರಿನಲ್ಲಿ ಬ್ಯಾಟರಿ ಥರ ಆಗುವುದಿಲ್ಲವಾ ಅಂತ. ಆಗುತ್ತದೆ ಅಂದರು, ಆದರೆ ಸಣ್ಣದು ಯಾವುದು ದೊಡ್ಡದು ಯಾವುದು ನೋಡಬೇಕು. ತುಕ್ಕು ಹೋಗುವುದು ಕಬ್ಬಿಣದ ಕಡೆಯಿಂದ. ಫ್ಲಾಂಜ್ ದೊಡ್ಡದು, ದಪ್ಪ, ಅದು ಒಂಚೂರು ಕಳೆದುಕೊಂಡರೆ ನಷ್ಟ ಇಲ್ಲ. ಅದೇ ಎಸ್‌ಎಸ್ ಪೈಪಿಗೆ ಕಬ್ಬಿಣದ ಬೋಲ್ಟು ಹಾಕಿದರೆ ದೊಡ್ಡ ಪೈಪು ಸೇರಿ ಸಣ್ಣ ಬೋಲ್ಟನ್ನು ತಿಂದು ಹಾಕುತ್ತದೆ. ದುಡ್ಡು ಕೊಟ್ಟು ಎಸ್‌ಎಸ್ ಸೈಲೆನ್ಸರ್ ಹಾಕಿಸಿದವರು ಬೋಲ್ಟಿನಲ್ಲಿ ಉಳಿತಾಯ ಮಾಡಬಾರದು ಅನ್ನುವುದು ಇದಕ್ಕೆ.

ಒಂದು ಜಾಗಕ್ಕೆ ಮಾತ್ರ ಹಾರ್ಡ್‌ವೇರ್ ಅಂಗಡಿಯದ್ದು ಬೇಡವೇ ಬೇಡ. ಮ್ಯಾನಿಫೋಲ್ಡ್ ದಾಟಿದ ಮೇಲೆ ದುಂಡು ಪ್ಯಾಕಿಂಗ್ ಇರುವ ಜಾಯಿಂಟಿನಲ್ಲಿ ಸ್ಪ್ರಿಂಗ್ ಇರುವ ಬೋಲ್ಟು ಬರುತ್ತದೆ. ಎಂಜಿನ್ ಅಲ್ಲಾಡಿದ ಹಾಗೆ ಪೈಪು ಅಲ್ಲಿ ಸ್ವಲ್ಪ ಬಳುಕಬೇಕು. ಆ ಬೋಲ್ಟಿಗೆ ಒಂದು ಮೆಟ್ಟಿಲು ಇರುತ್ತದೆ, ಅದು ತಾಗುವ ತನಕ ಮಾತ್ರ ಬಿಗಿ ಮಾಡುವುದು, ಸ್ಪ್ರಿಂಗ್ ಪೂರ್ತಿ ಅಮುಕಿಕೊಳ್ಳುವುದಿಲ್ಲ. ಸ್ಪ್ರಿಂಗ್ ತೆಗೆದು ಸಾದಾ ಬೋಲ್ಟು ಹಾಕಿ ಜೋರಾಗಿ ಬಿಗಿದ ಕಾರುಗಳನ್ನು ನೋಡಿದ್ದೇನೆ, ಶಬ್ದ ನಿಲ್ಲುತ್ತದೆ, ಸ್ವಲ್ಪ ದಿನದಲ್ಲಿ ಪೈಪು ಬೇರೆ ಕಡೆ ಬಿರುಕು ಬಿಡುತ್ತದೆ. ನಾನು ಸ್ಪ್ರಿಂಗ್ ಬೋಲ್ಟಿನ ಜೋಡಿಯನ್ನು ಸ್ಪೇರ್ ಪಾರ್ಟ್ಸ್ ಅಂಗಡಿಯಿಂದಲೇ, ಕಾರಿನ ಮಾಡೆಲ್ ಹೇಳಿ ತಂದೆ.

ಕೂರಿಸುವ ದಿನ ಜಾಮ್ ವಿಷಯಕ್ಕೆ ಮದ್ದು ಇಟ್ಟುಕೊಂಡೇ ಹೋಗಿದ್ದೆ. ಆ್ಯಂಟಿ ಸೀಜ್ ಅಂತ ಒಂದು ಪೇಸ್ಟ್ ಬರುತ್ತದೆ, ತಾಮ್ರದ ಪುಡಿ ಹಾಕಿದ್ದು. ಸುಮಾರು 1000 ಡಿಗ್ರಿ ತನಕ ತಾಳುತ್ತದೆ. ನಿಕ್ಕಲ್ ಪುಡಿಯದ್ದು ಎಸ್‌ಎಸ್‌ಗೆ ಇನ್ನೂ ಒಳ್ಳೆಯದು, ನಮಗೆ ಸಿಕ್ಕಿದ್ದು ತಾಮ್ರದ್ದು. ಮೆಕ್ಯಾನಿಕ್ ಗ್ರೀಸ್ ಸಾಕಲ್ವಾ ಅಂದ. ಗ್ರೀಸ್ ಆ ಬಿಸಿಗೆ ಸುಟ್ಟು ಮಸಿಯಾಗುತ್ತದೆ, ಮಸಿ ಥ್ರೆಡ್ಡಿನೊಳಗೆ ಗಟ್ಟಿಯಾಗಿ ಕೂತರೆ ಅದೇ ಇನ್ನೊಂದು ತುಕ್ಕು. ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ಥ್ರೆಡ್ಡಿಗೂ, ನಟ್ಟಿನ ಕೆಳಮುಖಕ್ಕೂ ಪೇಸ್ಟ್ ತಿಕ್ಕಿದೆವು. ಗನ್ ಬೇಡ, ಕೈಯಲ್ಲೇ ನಿಧಾನ ಬಿಗಿ ಮಾಡು ಅಂತ ಕೇಳಿಕೊಂಡೆ. ಇನ್ನೊಂದು ಎಚ್ಚರ ಬೇಕು: ಪೇಸ್ಟ್ ಇದ್ದರೆ ಥ್ರೆಡ್ ಜಾರುತ್ತದೆ, ಒಣ ಬೋಲ್ಟಿಗೆ ಕೊಡುವಷ್ಟೇ ಬಲ ಕೊಟ್ಟರೆ ಒಳಗೆ ಎಳೆತ ಜಾಸ್ತಿ ಆಗುತ್ತದೆ. 8 ಮಿ.ಮೀ.ನ 8.8 ಬೋಲ್ಟು ಒಣಗಿದ್ದಾಗ ಸುಮಾರು 25 ನ್ಯೂಟನ್ ಮೀಟರ್ ಅಂತಾರೆ, ಎ2-70ಗೆ ಅದಕ್ಕಿಂತ ಕಡಿಮೆ. ನಾವು ಬಿಗಿಯುವ ಬಲ ಅಳೆಯುವ ಟಾರ್ಕ್ ರೆಂಚ್ ಹಾಕಿ 16ಕ್ಕೆ ನಿಲ್ಲಿಸಿದೆವು. ಹಿತ್ತಾಳೆ ನಟ್ಟನ್ನು ಅವನು ಕೈ ಅಂದಾಜಿನಲ್ಲೇ ಬಿಗಿದ, ಆ ಕೈಯನ್ನು ನಾನು ನಂಬುತ್ತೇನೆ.

ಎಸ್‌ಎಸ್ ಹಿಗ್ಗುವ ವಿಷಯ ಮಧ್ಯದ ಫ್ಲಾಂಜಿಗೂ ಇದೆ, ಆದರೆ ಅಲ್ಲಿ ಬಿಸಿ ಕಡಿಮೆ, ಹಿಡಿತ ಪೂರ್ತಿ ಹೋಗುವುದಿಲ್ಲ. ಹೊಸ ಪ್ಯಾಕಿಂಗ್ ಕೂಡ ಕಾದು ಕೂರುತ್ತದೆ. ಅದಕ್ಕೆ ಶಿವಮೊಗ್ಗಕ್ಕೆ ಒಮ್ಮೆ ಹೋಗಿ ಬಂದು, ಪೂರ್ತಿ ತಣ್ಣಗಾದ ಮೇಲೆ ಇನ್ನೊಂದು ಸಲ ರೆಂಚ್ ಹಾಕಿಸಿದೆ. ಒಂದು ನಟ್ ಕಾಲು ಸುತ್ತಿನಷ್ಟು ತಗೊಂಡಿತು.

ದೀಪಾವಳಿ ಕಳೆದ ಮೇಲೆ, ಕೆಸರು ತೊಳೆಸಿ ಕಾರನ್ನು ಎತ್ತಿ ನೋಡಿದೆವು. ಮಧ್ಯದ ಫ್ಲಾಂಜಿನ ಬೋಲ್ಟುಗಳ ಮೇಲೆ ಕಂದು ಬಣ್ಣ ಹರಡಿತ್ತು, ಬಟ್ಟೆಯಲ್ಲಿ ಒರೆಸಿದರೆ ಹೋಯಿತು, ಅದು ಫ್ಲಾಂಜಿನಿಂದ ಇಳಿದ ತುಕ್ಕು. ಮೆಕ್ಯಾನಿಕ್ ಒಂದು ನಟ್ಟಿಗೆ ಸ್ಪ್ಯಾನರ್ ಹಾಕಿ ನೋಡಿದ, ಸಲೀಸಾಗಿ ಬಿಟ್ಟಿತು. ಹಿತ್ತಾಳೆ ನಟ್ ಕಪ್ಪಾಗಿದೆ, ಬಿಗಿ ಹಾಗೇ ಇದೆ. ಹಿಂದಿನ ಝಿಂಕ್ ಕ್ಲಾಂಪಿನಲ್ಲಿ ಬಿಳಿ ಪುಡಿ ಕಾಣಿಸಿಕೊಂಡಿದೆ, ಬಾಗಿದ ಕಡೆ ಕೆಂಪು ಚುಕ್ಕೆಯೂ ಬಂದಿದೆ. ಅದು ಇನ್ನೊಂದು ಮಳೆಗಾಲ ತಾಳಬಹುದು. ಆಮೇಲೆ ಅಲ್ಲಿಗೂ 304 ಕ್ಲಾಂಪ್ ಹಾಕಿಸುತ್ತೇನೆ, ಹೇಗೂ ಪೇಸ್ಟಿನ ಡಬ್ಬ ಮುಕ್ಕಾಲು ಭಾಗ ಹಾಗೇ ಇದೆ.